ಅಮ್ಮನಿಂದ ನನ್ನವರೆಗೆ

ಅಮ್ಮನ ಕೆಮ್ಮು ನನಗೆ ಗೊತ್ತು. ಅವಳ ಬಳೆಯ ಸದ್ದು, ಲಟ್ಟಣಿಗೆ ಮಣೆಯ ಮೇಲೆ ಉರುಳುವ ಸದ್ದು, ನಗು ಬಂದಾಗ ಮೊದಲು ತಡೆದುಕೊಂಡು ಆಮೇಲೆ ಒಮ್ಮೆಲೇ ಬಿಟ್ಟುಬಿಡುವ ಉಸಿರು, ಎಲ್ಲ ಗೊತ್ತು. ಕಣ್ಣು ಮುಚ್ಚಿಕೊಂಡು ಕೂತರೂ ಅವಳು ಮನೆಯ ಯಾವ ಮೂಲೆಯಲ್ಲಿದ್ದಾಳೆ ಎಂದು ಹೇಳಬಲ್ಲೆ. ಅವಳ ಮಾತು ಮಾತ್ರ ನನಗೆ ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದ ಕೇಳಿಸಿಲ್ಲ.

ನಮ್ಮೂರಿನಲ್ಲಿ ಎಲ್ಲರ ಮಾತೂ ಎಲ್ಲರಿಗೂ ಮುಟ್ಟುವುದಿಲ್ಲ. ಸೀನು, ಆಕಳಿಕೆ, ಅಳು, ನಗು ಇವೆಲ್ಲ ಊರಿಗೆ ಊರೇ ಕೇಳಿಸಿಕೊಳ್ಳುತ್ತದೆ. ಮಾತು ಮಾತ್ರ ತನಗೆ ಬೇಕಾದ ಕೆಲವು ಕಿವಿಗಳನ್ನು ಹುಡುಕಿಕೊಂಡು ಹೋಗುತ್ತದೆ. ಫೋನಿನಲ್ಲೂ ಅಷ್ಟೇ, ಮೈಕಿನಲ್ಲೂ ಅಷ್ಟೇ. ಹಾಗಂತ ಯಾರ ಬದುಕೂ ನಿಂತಿಲ್ಲ. ಸೊಪ್ಪು ಮಾರುವವನು ಹೆಂಡತಿಯನ್ನು ಗಾಡಿಯ ಇನ್ನೊಂದು ಬದಿಗೆ ನಡೆಸಿಕೊಂಡು ಬರುತ್ತಾನೆ. ಅವನ ಕೂಗು ಮುಟ್ಟದ ಮನೆಗೆ ಅವಳ ಕೂಗು ಮುಟ್ಟುತ್ತದೆ. ಹೆಣ್ಣು ನೋಡಲು ಬಂದವರು ಜಾತಕ ತೆಗೆಯುವ ಮೊದಲು ಹುಡುಗ ಹುಡುಗಿಯನ್ನು ಎದುರುಬದುರು ಕೂರಿಸಿ ಒಬ್ಬರ ಹೆಸರನ್ನು ಇನ್ನೊಬ್ಬರಿಂದ ಹೇಳಿಸುತ್ತಾರೆ. ಕೇಳಿಸದಿದ್ದರೂ ಮದುವೆಯಾದವರಿದ್ದಾರೆ. ಪಕ್ಕದ ಮನೆಯ ಬೋರಮ್ಮತ್ತೆಗೆ ಗಂಡನ ಒಂದು ಮಾತೂ ಕೇಳುವುದಿಲ್ಲ. "ನಮ್ಮ ಸಂಸಾರ ಇಷ್ಟು ಚೆನ್ನಾಗಿರೋದು ಮತ್ತೆ ಹೇಗೆ ಅಂದ್ಕೊಂಡ್ರಿ?" ಎನ್ನುತ್ತಾಳಂತೆ. ಅಂತೆ ಎಂದೆ, ಯಾಕೆಂದರೆ ಬೋರಮ್ಮತ್ತೆಯ ಮಾತೂ ನನಗೆ ಮುಟ್ಟುವುದಿಲ್ಲ. ಅಜ್ಜಿ ಹೇಳಿದ್ದು.

ಯಾರಿಗೆ ಯಾರು ಕೇಳುತ್ತಾರೆ ಎನ್ನುವುದು ತೊಟ್ಟಿಲಲ್ಲೇ ತೀರ್ಮಾನವಾಗುತ್ತದೆ. ಮಗು ಹೆಸರಿಗೆ ತಿರುಗುವಷ್ಟಾದ ಮೇಲೆ ಒಂದು ಬೆಳಿಗ್ಗೆ ಬಂಧುಬಳಗದವರು ಒಬ್ಬೊಬ್ಬರಾಗಿ ತೊಟ್ಟಿಲ ಹಿಂದೆ ನಿಂತು ಕರೆಯುತ್ತಾರೆ. ಮಗು ತಿರುಗಿದರೆ ಅವರ ಹೆಸರಿನಲ್ಲಿ ಒಂದು ಅರಿಶಿನದ ದಾರ ತೊಟ್ಟಿಲಿಗೆ. ಅಜ್ಜಿ, ಅಂದರೆ ಅಪ್ಪನ ತಾಯಿ, "ಮಂದಾಕಿನೀ" ಎಂದಾಗ ನಾನು ಕತ್ತು ಮುರಿದುಹೋಗುವ ಹಾಗೆ ತಿರುಗಿದೆನಂತೆ. ಅಮ್ಮ ಕರೆದಾಗ ತಿರುಗಲಿಲ್ಲ. ಅವಳು ಕರೆದಳಂತೆ, ಕರೆದಳಂತೆ, ಬಂದವರೆಲ್ಲ ಉಂಡು ಎಲೆ ಎತ್ತಿದರೂ ಹಿಂದೆ ನಿಂತು ಕರೆಯುತ್ತಲೇ ಇದ್ದಳಂತೆ. ಕೊನೆಗೆ ಅಜ್ಜಿಯೇ ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋಗಬೇಕಾಯಿತಂತೆ.

ದಾರ ಬೀಳಲಿಲ್ಲವೆಂದರೆ ಇಬ್ಬರೂ ಸುಮ್ಮನಾಗಿಬಿಡಬೇಕು. ಕೇಳದವರ ಮುಖ ನೋಡಿ ಬಾಯಿ ಆಡಿಸುವುದು ನಮ್ಮಲ್ಲಿ ಹಂಗಿಸಿದ ಹಾಗೆ. ಅಂಥವರೆದುರು ಬೇರೆಯವರ ಜೊತೆ ಮಾತಾಡುವಾಗ ಹೆಂಗಸರು ಸೆರಗು ಅಡ್ಡ ಹಿಡಿಯುತ್ತಾರೆ, ಗಂಡಸರು ಅಂಗೈ. ತನ್ನಷ್ಟಕ್ಕೆ ಗೊಣಗಿಕೊಳ್ಳುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ನಾನಂತೂ ದೊಡ್ಡ ಗೊಣಗುಬುರುಕಿ. ಬಾವಿಕಟ್ಟೆಗೂ ಹೇಳುತ್ತಿದ್ದೆ, ಬೆಕ್ಕಿಗೂ ಹೇಳುತ್ತಿದ್ದೆ, ಅಮ್ಮ ಪಕ್ಕದಲ್ಲೇ ಹಪ್ಪಳ ಒತ್ತುತ್ತಿದ್ದರೂ ಗೋಡೆಯ ಜೊತೆ ಮಾತಾಡಿದಂತೆ ಮನಸ್ಸಿನದನ್ನೆಲ್ಲ ಹೇಳಿಕೊಳ್ಳುತ್ತಿದ್ದೆ.

ಅಪ್ಪ ನಾನು ಅಂಬೆಗಾಲಿಡುವಾಗಲೇ ತೀರಿಹೋದವರು. ಮನೆಯಲ್ಲಿ ನಾವು ಮೂವರೇ, ಮಾತೆಲ್ಲ ಅಜ್ಜಿಯ ಬಾಯಿಂದಲೇ. "ನಿಮ್ಮಮ್ಮ ಬೈತಿದಾಳೆ ಕಣೇ. ಅವಳಷ್ಟು ಖಾರವಾಗಿ ನನಗೆ ಬರಲ್ಲ, ನೀನೇ ಒಂದಿಷ್ಟು ಸೇರಿಸ್ಕೋ" ಎನ್ನುತ್ತಿದ್ದಳು. ಸಂಜೆಯಾದರೆ ಕಥೆ. ಏಳು ಸಮುದ್ರದಾಚೆಯ ಊರು, ಸೋರೆಬುರುಡೆಯೊಳಗೆ ಮನೆ ಮಾಡಿದ ರಾಜಕುಮಾರಿ, ನೆರಳನ್ನು ಮಾರಿಕೊಂಡವನು. ಒಂದು ವಾಕ್ಯ ಹೇಳಿ ಅಜ್ಜಿ ಸ್ವಲ್ಪ ಸುಮ್ಮನಾಗುತ್ತಿದ್ದಳು, ಮತ್ತೆ ಇನ್ನೊಂದು ವಾಕ್ಯ. ನೆನಪು ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ. ಹಾಸಿಗೆ ಹಿಡಿದ ಮೇಲೆ ಒಂದು ದಿನ ಅವಳೇ ಹೇಳಿದಳು: "ಆ ಕಥೆಗಳು ನನ್ನವು ಅಂದ್ಕೊಂಡಿದ್ಯಾ? ನನಗೆಲ್ಲೇ ಬರ್ತವೆ ಕಥೆ? ನಿಮ್ಮಮ್ಮ ಅಡುಗೆಮನೇಲಿ ಬೆನ್ನು ತಿರುಗಿಸ್ಕೊಂಡು ಹೇಳೋಳು, ನಾನು ಇಲ್ಲಿ ನಿನಗೆ ದಾಟಿಸೋಳು. ಮಗು ಎದುರಿಗೆ ಬಾಯಿ ಆಡಿಸಬಾರ್ದು ಅಂತ ಅವಳು ತಿರುಗೇ ನೋಡ್ತಿರ್ಲಿಲ್ಲ."

ಉದ್ದಿನ ಹಿಟ್ಟು ಕುಟ್ಟುವ ದಿನಗಳಲ್ಲಿ ಅಜ್ಜಿ ಹೋದಳು. ಮನೆ ಅಂದಿನಿಂದ ಸದ್ದುಗಳ ಮನೆ. ಉಪ್ಪು ಬೇಕು, ನೀರು ಬಂತು, ಬೆಕ್ಕು ಒಳಗೆ ಬಂದಿದೆ ಎನ್ನುವುದಕ್ಕೆ ಕೈಸನ್ನೆ ಸಾಕು. ಅಮ್ಮನಿಗೆ ಓದುಬರಹ ಬಾರದು. ಇಬ್ಬರೂ ಒಂದೇ ತಟ್ಟೆಯಿಂದ ಹಪ್ಪಳದ ಉಂಡೆ ತೆಗೆದುಕೊಳ್ಳುತ್ತ, ಬೆರಳಿಗೆ ಬೆರಳು ತಾಗುತ್ತ ಕೂತಿರುತ್ತಿದ್ದೆವು. ಅಷ್ಟು ಹತ್ತಿರ ಕೂತು ಅವಳಿಗಾಗಿ ಹಂಬಲಿಸುತ್ತಿದ್ದೆ. ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಇವಳ ಕಥೆಗಳು. ಇವಳು ಹೇಳುವಾಗ ಅವು ಹೇಗಿರುತ್ತವೆ ಎನ್ನುವುದು ಮಾತ್ರ ಗೊತ್ತಿಲ್ಲ.

ಆ ವರ್ಷವೇ ನಾನು ಕಾಲೇಜಿನಲ್ಲಿ ಕಂಪ್ಯೂಟರ್ ತೆಗೆದುಕೊಂಡೆ. ಅಮ್ಮನ ಮಾತನ್ನು ಯಂತ್ರವಾದರೂ ನನಗೆ ಮುಟ್ಟಿಸೀತು ಎಂದು ನನ್ನ ಆಸೆ. ಆದರೆ ಅಲ್ಲಿ ಯಂತ್ರವನ್ನು ಮುಟ್ಟಿಸಲೇ ಇಲ್ಲ. ಮೊದಲ ಪಾಠವೇ ಡಿಸ್ಕ್ರೀಟ್ ಗಣಿತ. ಗಣಗಳು, ಸಂಬಂಧಗಳು, ಚುಕ್ಕಿ, ಗೆರೆ. ವಾರಿಜಾಕ್ಷಿ ಮೇಡಂ ಬೇರೆ ಊರಿನವರು. ಅವರ ಮಾತು ಅರ್ಧ ತರಗತಿಗೆ ಮುಟ್ಟುತ್ತಿತ್ತು, ಇನ್ನರ್ಧಕ್ಕೆ ಪಕ್ಕದವರು ದಾಟಿಸಬೇಕು. ನನಗೆ ಕೇಳುತ್ತಿತ್ತು, ನನ್ನ ಗೆಳತಿ ಚಂಪಾಳಿಗೆ ಇಲ್ಲ.

"ಏನಂತೆ?" ಎಂದು ಚಂಪಾ ಮೊಣಕೈಯಿಂದ ತಿವಿಯುತ್ತಿದ್ದಳು.

"ಇದೇ ಕಂಪ್ಯೂಟರಿಗೆ ತಳಪಾಯವಂತೆ."

"ರಂಗೋಲಿ ಹಾಕಿಸ್ಕೊಂಡು ತಳಪಾಯ ಅಂತಾರಲ್ಲೇ. ಇದಕ್ಕೆ ನಮ್ಮಮ್ಮನ ಹತ್ರಾನೇ ಕಲೀಬಹುದಿತ್ತು."

ಒಂದು ದಿನ ಮೇಡಂ ಬೋರ್ಡಿನ ಮೇಲೆ ಚುಕ್ಕಿಗಳ ಎರಡು ಗುಂಪು ಬರೆದರು. ಎರಡೂ ಗುಂಪಿನ ಗೆರೆಗಳು ನಡುವಿನ ಒಂದೇ ಚುಕ್ಕಿಗೆ ಬಂದು ಸೇರುತ್ತಿದ್ದವು. "ಈಗ ನೋಡಿ" ಎಂದು ಆ ಚುಕ್ಕಿಯನ್ನು ಅಂಗೈಯಿಂದ ಒರೆಸಿದರು. ಚಿತ್ರ ಎರಡು ಹೋಳಾಯಿತು. ಆಚೆಯವರಿಗೆ ಈಚೆಯವರು ಇಲ್ಲವೇ ಇಲ್ಲ. ಚಂಪಾ "ಏನಂತೆ, ಏನಂತೆ" ಎನ್ನುತ್ತಿದ್ದಳು. ನನಗೆ ದಾಟಿಸಲಾಗಲಿಲ್ಲ. ಅವಳು ನನ್ನ ಮುಖ ನೋಡಿ, ಬೋರ್ಡು ನೋಡಿ, "ಅಯ್ಯೋ, ಅಜ್ಜಿ" ಎಂದಳು.

ಆಮೇಲೆ ಅವಳೇ ಧೈರ್ಯ ಹೇಳಿದಳು. "ಬೇರೆ ದಾರಿ ಇಲ್ಲ ಅಂತ ಯಾರು ಹೇಳಿದ್ದು? ಹುಡುಕೋಣ." ಅವರ ಮನೆಯ ತಾರಸಿಯ ಮೇಲೆ ಸುಣ್ಣದಕಡ್ಡಿಯಿಂದ ಚುಕ್ಕಿ ಇಟ್ಟೆವು. ಈ ತುದಿಗೆ ಅಮ್ಮ, ಆ ತುದಿಗೆ ನಾನು. ಅಮ್ಮನ ಮಾತು ಯಾರಿಗೆ ಕೇಳುತ್ತದೆ ಎಂದು ವಿಚಾರಿಸಿ ಅವರಿಗೆಲ್ಲ ಗೆರೆ. ಅವರ ಮಾತು ಯಾರಿಗೆ ಕೇಳುತ್ತದೆ ಎಂದು ಮತ್ತೆ ಅವರಿಗೆ. ಸುತ್ತು ಸುತ್ತಾಗಿ ಹೊರಗೆ ಹರಡಿಕೊಂಡು ಹೋಗಬೇಕು, ಅದು ಮೇಡಂ ಕಲಿಸಿದ ಕ್ರಮ. ಕೊನೆಗೆ ದಾರಿ ಸಿಕ್ಕಿಯೇಬಿಟ್ಟಿತು. ಅಮ್ಮನ ಮಾತು ಬೋರಮ್ಮತ್ತೆಗೆ ಕೇಳುತ್ತದೆ. ಬೋರಮ್ಮತ್ತೆಯದು ಹಿಟ್ಟಿನ ಮಿಲ್ಲಿನ ಷಣ್ಮುಖಪ್ಪನವರಿಗೆ. ಅವರದು ಚಂಪಾಳಿಗೆ. ಚಂಪಾಳದು ನನಗೆ. ನಾನು ಆ ಗೆರೆಗಳ ಮೇಲೆ ಬರಿಗಾಲಲ್ಲಿ ನಡೆದು ನೋಡಿದೆ.

ಭಾನುವಾರ ಎಲ್ಲರನ್ನೂ ನಮ್ಮ ಜಗಲಿಯ ಮೇಲೆ ಸಾಲಾಗಿ ಕೂರಿಸಿದೆವು. ನನಗೆ ಏನಾದರೂ ಹೇಳು ಎಂದು ಅಮ್ಮನಿಗೆ ಸನ್ನೆ ಮಾಡಿದೆ. ಅವಳು ಗಾಬರಿಯಾದಳು, ಕೈ ಒರೆಸಿಕೊಂಡಳು, ಸೆರಗು ಅಡ್ಡ ಹಿಡಿದು ಬೋರಮ್ಮತ್ತೆಯ ಕಡೆ ಬಾಗಿದಳು. ಬಹಳ ಹೊತ್ತು ಹೇಳಿದಳು. ಬೋರಮ್ಮತ್ತೆಯ ಕಣ್ಣು ತುಂಬಿತು. ಅವಳು ಮೂಗು ಸೀಟಿಕೊಂಡು ಷಣ್ಮುಖಪ್ಪನವರ ಕಡೆ ತಿರುಗಿದಳು. ಅದೂ ಸಾಕಷ್ಟು ಹೊತ್ತಾಯಿತು. ಷಣ್ಮುಖಪ್ಪನವರು ಹಿಟ್ಟು ಮೆತ್ತಿದ ಮೀಸೆ ಒರೆಸಿಕೊಂಡರು, ಕೆಮ್ಮಿದರು, ಆಕಾಶ ನೋಡಿದರು, ಚಂಪಾಳಿಗೆ ಏನೋ ಅಂದು ಎದ್ದೇಬಿಟ್ಟರು.

"ಹೊತ್ತಿಗೆ ಸರಿಯಾಗಿ ಊಟ ಮಾಡ್ಬೇಕಂತೆ" ಎಂದಳು ಚಂಪಾ.

"ಮತ್ತೆ?"

"ಅಷ್ಟೇ."

"ಅಷ್ಟು ಹೊತ್ತು ಹೇಳಿದ್ಲಲ್ಲೇ!"

"ಇನ್ನೂ ಏನೇನೋ ಇತ್ತಂತೆ ಕಣೆ. ಅದನ್ನೆಲ್ಲ ಗಂಡಸು ಹೆಂಗಮ್ಮ ಬಾಯಲ್ಲಿ ಹೇಳೋದು, ನನಗೆ ನಾಚಿಕೆ ಆಗುತ್ತೆ ಅಂದ್ರು." ಚಂಪಾ ನಗಲು ಹೊರಟು ನಿಲ್ಲಿಸಿದಳು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಮುಟ್ಟಿತೇ ಎನ್ನುವ ಹಾಗೆ. ನಾನು ಮುಟ್ಟಿತು ಎಂದು ತಲೆಯಾಡಿಸಿದೆ. ಒಳಗೆ ಹೋಗಿ ಹೊಟ್ಟೆ ತುಂಬ ಉಂಡೆ, ಇನ್ನೇನು ಮಾಡಲಿ.

ಅದಾದ ಮೇಲೆ ನಾನು ಆ ಪಾಠದ ಮೇಲೆ ಮುನಿಸಿಕೊಂಡೆ. ಗೆರೆಯೇನೋ ಹೋಗುತ್ತದೆ, ಗೆರೆಯ ಮೇಲೆ ಏನು ಉಳಿಯುತ್ತದೆ ಎಂದು ಆ ಗಣಿತಕ್ಕೆ ಗೊತ್ತಿಲ್ಲ. ಹಾಗೆ ಅಂದುಕೊಂಡು ತರಗತಿಯಲ್ಲಿ ಕಿಟಕಿ ನೋಡುತ್ತ ಕೂತಿದ್ದಾಗ ಮೇಡಂ ಸಂಬಂಧಗಳ ಗುಣ ಶುರುಮಾಡಿದರು. "ನಿಮ್ಮೂರಿನ ಕೇಳುವಿಕೆಯನ್ನೇ ತಗೊಳ್ಳಿ. ಪ್ರತಿಯೊಬ್ಬರಿಗೂ ಅವರವರ ಮಾತು ಕೇಳುತ್ತಾ?" ಕೇಳುತ್ತದೆ ಎಂದೆವು. "ನನ್ನ ಮಾತು ಮಂದಾಕಿನಿಗೆ, ಮಂದಾಕಿನಿ ಮಾತು ಚಂಪಾಗೆ ಕೇಳುತ್ತೆ ಅಂದ್ರೆ, ನನ್ನದು ಚಂಪಾಗೆ ಕೇಳಲೇಬೇಕಾ?" ಇಲ್ಲ ಎಂದು ತರಗತಿ ನಕ್ಕಿತು. "ಸರಿ. ನನ್ನ ಮಾತು ನಿಮಗೆ ಕೇಳದಿದ್ದರೆ ನಿಮ್ಮ ಮಾತು ನನಗೆ ಕೇಳಲ್ವಾ?"

"ಕೇಳಲ್ಲ" ಎಂದರು ಕೇಳಿಸಿಕೊಂಡವರೆಲ್ಲ ಒಂದೇ ದನಿಯಲ್ಲಿ. ಸ್ವಲ್ಪ ತಡವಾಗಿ, ದಾಟಿಸಿಕೊಂಡವರೂ "ಕೇಳಲ್ಲ" ಎಂದರು.

"ಯಾರು ಪರೀಕ್ಷೆ ಮಾಡಿದ್ದು?"

ತೊಟ್ಟಿಲ ಹಿಂದೆ ನಿಂತು ಕರೆಯುವವರು ದೊಡ್ಡವರು. ತಿರುಗುವುದು ಮಗು. ಮಗು ಮಾತು ಕಲಿತ ಮೇಲೆ, ಅದು ತಿರುಗಿ ಕರೆದಾಗ ದೊಡ್ಡವರು ತಿರುಗುತ್ತಾರೋ ಎಂದು ನಮ್ಮೂರಿನಲ್ಲಿ ಯಾರೂ ನೋಡಿದ್ದಿಲ್ಲ. ದಾರ ಇಲ್ಲ ಎಂದ ಮೇಲೆ ಕರೆಯುವುದೇ ಇಲ್ಲವಲ್ಲ.

ಬಿಸಿಲಲ್ಲಿ ಓಡಿಕೊಂಡು ಮನೆಗೆ ಬಂದೆ. ಅಮ್ಮ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಹಪ್ಪಳ ಒಣಗಹಾಕುತ್ತಿದ್ದಳು, ನನ್ನ ಕಡೆ ಬೆನ್ನು. "ಅಮ್ಮಾ, ಕಾಗೆ! ಹಪ್ಪಳಕ್ಕೆ ಕಾಗೆ!" ಎಂದು ಕೂಗಿದೆ. ಕಾಗೆ ಎಂದರೆ ತಿರುಗದ ಹಪ್ಪಳದವಳು ಲೋಕದಲ್ಲಿ ಇರಲಾರಳು. ಅಮ್ಮ ಇನ್ನೊಂದು ಹಪ್ಪಳ ತೆಗೆದಳು, ಸೀರೆಯ ಮೇಲೆ ಹರಡಿದಳು, ಅಂಚು ಸರಿಮಾಡಿದಳು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮೇಡಂಗೆ ಹೇಳಿದಾಗ ಅವರು ಸಮಾಧಾನ ಮಾಡಲಿಲ್ಲ. "ತಿರುಗಲಿಲ್ಲ ಅನ್ನೋದು ಕೇಳಲಿಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲಮ್ಮ. ಬೇರೆ ಥರ ಯೋಚಿಸು. ನಿನಗೆ ಯಾವುದು ಬೇಡವೋ ಅದನ್ನೇ ನಿಜ ಅಂತ ಒಪ್ಪಿಕೋ. ಅದು ನಿನ್ನ ಎಲ್ಲಿಗೆ ಕರ್ಕೊಂಡು ಹೋಗುತ್ತೆ ನೋಡು. ನಂಬಕ್ಕಾಗದ ಜಾಗಕ್ಕೆ ಹೋಗಿ ನಿಲ್ಲಿಸಿದ್ರೆ, ಒಪ್ಪಿಕೊಂಡಿದ್ದೇ ತಪ್ಪು ಅಂತ."

ಒಪ್ಪಿಕೊಂಡೆ. ಅಮ್ಮನಿಗೆ ನನ್ನ ಮಾತು ಕೇಳುವುದಿಲ್ಲ. ಹಾಗೆಂದುಕೊಂಡೇ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಡಲು ಬಟ್ಟೆ ಹುಡುಕುತ್ತಿದ್ದೆ. ಅಜ್ಜಿ ಕೈಯಾರೆ ಹೊಲಿದುಕೊಟ್ಟ ಕೆಂಪು ರವಿಕೆ ಟ್ರಂಕಿನ ತಳದಲ್ಲಿ, ನುಸಿಗುಳಿಗೆಗಳ ಕೆಳಗೆ ಸಿಕ್ಕಿತು. ಯಾವಾಗಲೂ ಗೂಟಕ್ಕೇ ನೇತಾಡುತ್ತಿದ್ದದ್ದು. ನಾನು ಇಟ್ಟದ್ದಲ್ಲ. ಅದನ್ನು ಕೈಯಲ್ಲಿ ಹಿಡಿದಾಗ ನೆನಪಾಯಿತು: ಅಜ್ಜಿಯ ತಿಥಿ ಮುಗಿದ ಕೆಲವು ದಿನಗಳಿಗೆ, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ ನನ್ನಷ್ಟಕ್ಕೆ ಗೊಣಗಿಕೊಂಡಿದ್ದೆ, "ಈ ಕೆಂಪು ರವಿಕೆ ಕಣ್ಣಿಗೆ ಬಿದ್ದರೆ ಗಂಟಲು ಕಟ್ಟುತ್ತೆ, ಎಲ್ಲಾದರೂ ಹೋಗಬಾರದಾ ಇದು." ಚಂಪಾಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಆಗ ದಾಟಿಸಲು ಅಜ್ಜಿಯೂ ಇರಲಿಲ್ಲ. ಆ ಮಾತಿಗೆ ನನ್ನಿಂದ ಅಮ್ಮನವರೆಗೆ ಒಂದೇ ಒಂದು ಗೆರೆಯೂ ಇಲ್ಲ. ಆದರೂ ಮಾತು ಮುಟ್ಟಿದೆ.

ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆ. ಹುರುಳಿಕಾಳಿನ ಉಸಲಿ ತಿನ್ನಬೇಕು ಎಂದು ಬಾವಿಕಟ್ಟೆಗೆ ಹೇಳಿಕೊಂಡ ದಿನ ಉಸಲಿಯಾಗಿದ್ದು, ಪರೀಕ್ಷೆಗೆ ಹೆದರಿ ಬೆಕ್ಕಿನ ಹತ್ತಿರ ಅತ್ತುಕೊಂಡಾಗ ತಲೆಗೆ ಎಣ್ಣೆ ಬಂದದ್ದು, ಎಲ್ಲ ಅಜ್ಜಿ ಹೇಳಿರಬೇಕು ಎಂದು ಬಿಟ್ಟಿದ್ದೆ. ಅಮ್ಮನ ಮುಂದೆ ಅಮ್ಮನ ಬಗ್ಗೆಯೇ ನಾನು ಗೊಣಗಿಕೊಂಡದ್ದೂ ನೆನಪಾಗತೊಡಗಿತು. ಈ ಮನೆಯಲ್ಲಿ ಒಂಟಿ ಅನ್ನಿಸುತ್ತೆ ಎಂದದ್ದು. ಇವಳಿಗೆ ನಾನು ಬೇಕೋ ಇಲ್ಲವೋ ಯಾರಿಗೆ ಗೊತ್ತು ಎಂದದ್ದು. ಕಿವಿಯವರೆಗೂ ಬಿಸಿಯಾಯಿತು.

ಅಡುಗೆಮನೆಯಲ್ಲಿ ಅಮ್ಮ ಉದ್ದಿನ ಹಿಟ್ಟು ನಾದುತ್ತಿದ್ದಳು. ಹೊಸ್ತಿಲಲ್ಲಿ ನಿಂತೆ. ಅವಳು ನೋಡಲಿಲ್ಲ.

"ಅಮ್ಮ, ನಿನಗೆ ಕೇಳುತ್ತೆ. ನನಗೆ ಗೊತ್ತಾಯ್ತು. ಕಾಗೆ ಅಂದ್ರೂ ತಿರುಗದೆ ಇರೋಷ್ಟು ಅಭ್ಯಾಸ ಮಾಡ್ಕೊಂಡಿದೀಯ. ಕೆಂಪು ರವಿಕೆ ತೆಗೆದಿಟ್ಟಿದ್ದು ನೀನು."

ನಾದುವ ಕೈ ನಿಂತಿತು. ಅವಳು ತಿರುಗಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಆಗ ತಿರುಗಿದಳು. ಹಿಟ್ಟಿನ ಕೈಯಲ್ಲಿ ಸೆರಗು ಎತ್ತಲು ಹೋಗಿ, ಬಿಟ್ಟಳು. ಊರು ಏನೆನ್ನುತ್ತದೋ ಎನ್ನುವುದನ್ನೂ ಬಿಟ್ಟಳು. ನನ್ನ ಮುಖ ನೋಡಿಕೊಂಡು ಮಾತಾಡಿದಳು. ಅಮ್ಮ ಮಾತಾಡುವಾಗ ಅವಳ ಕೆಳತುಟಿ ಎಡಕ್ಕೆ ಸ್ವಲ್ಪ ಎಳೆಯುತ್ತದೆ, ಗದ್ದದಲ್ಲಿ ಗುಳಿ ಬೀಳುತ್ತದೆ. ಮೊದಲ ಸಲ ನೋಡಿದೆ. ಒಂದಕ್ಷರವೂ ಕೇಳಿಸಲಿಲ್ಲ. ಅವಳು ಹೇಳುತ್ತಲೇ ಇದ್ದಳು, ನಾನು ನೋಡುತ್ತಲೇ ಇದ್ದೆ. ಕೇಳುತ್ತಿಲ್ಲ ಎಂದು ಕೊನೆಗೆ ನಾನೇ ತಲೆಯಾಡಿಸಬೇಕಾಯಿತು. ಅವಳ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು.

ಯಾಕೆ ಎನ್ನುವ ಪ್ರಶ್ನೆಗೆ ತಲೆ ಉತ್ತರ ಕೊಡಲಾರದು. ಹೌದು, ಇಲ್ಲ ಎರಡನ್ನೇ ಅದು ಹೇಳಬಲ್ಲದು. ಆದರೆ ಕಂಪ್ಯೂಟರಿಗೂ ಬರುವುದು ಅಷ್ಟೇ ಎಂದು ಮೇಡಂ ಹೇಳಿದ್ದರು. ಲೋಕವನ್ನು ಅರ್ಧ ಮಾಡು, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡು, ಹುಡುಕುತ್ತಿರುವುದು ಎಲ್ಲಿ ಅಡಗಿದ್ದರೂ ಸಿಗುತ್ತದೆ. ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತೆ.

"ಹೇಳಿದ್ರೆ ಯಾರಾದ್ರೂ ಏನಾದ್ರೂ ಅಂತಾರೆ ಅಂತ ಭಯಾನಾ?" ಇಲ್ಲ. "ನನ್ನ ಭಯಾನಾ?" ಹೌದು, ಅಲ್ಲ, ಎರಡೂ ಕಡೆ ತಲೆ ಹೋಯಿತು. "ನಾನು ಗೊಣಗೋದು ನಿಲ್ಲಿಸಿಬಿಡ್ತೀನಿ ಅಂತ?" ಹೌದು. ಹೌದು, ಹೌದು. "ಅಂದ್ರೆ ನನ್ನ ಗುಟ್ಟು ಕೇಳ್ಬೇಕಿತ್ತಾ ನಿನಗೆ, ಕಳ್ಳಿ?" ಅವಳು ಉಸಿರು ತಡೆದುಕೊಂಡು, ಬಿಟ್ಟು, ನಕ್ಕಳು. ಇಲ್ಲ. "ನಾನು ಏನು ಹೇಳ್ತೀನಿ ಅನ್ನೋದು ಅಲ್ವಾ?" ಅಲ್ಲ. "ಮತ್ತೆ... ದನಿನಾ? ನನ್ನ ದನಿ?"

ಹೌದು.

"ಚೆನ್ನಾಗಿದೆಯಾ?" ಸಂಕೋಚದಿಂದಲೇ ಕೇಳಿದೆ. ಅವಳು ಕೈಯನ್ನು ಹಾಗೂ ಹೀಗೂ ಅಲ್ಲಾಡಿಸಿದಳು. "ಅಷ್ಟೊಂದು ಇಲ್ವಾ? ಹಂಗಾದ್ರೆ ಯಾಕೆ? ಯಾರದೋ ಥರ ಇದೆಯಾ?" ಹೌದು. "ಅಪ್ಪಂದಾ?" ಇಲ್ಲ. "ಅಜ್ಜಿ?" ಇಲ್ಲ. "ಈ ಬೀದಿಯವರಾ?" ಇಲ್ಲ. "ನಾನು ನೋಡಿದೀನಾ?" ಇಲ್ಲ. "ಅವರು ಈಗ ಇದಾರಾ?"

ಅಮ್ಮ ಹಿಟ್ಟಿನ ಮುದ್ದೆಯನ್ನು ನೋಡುತ್ತ ಕೂತಳು. ಇಲ್ಲ.

ಅರ್ಧ ಮಾಡಲು ಇನ್ನೇನೂ ಉಳಿದಿರಲಿಲ್ಲ. ನಾನು ಹುಟ್ಟುವ ಮೊದಲೇ ಹೋದವಳು, ಅಮ್ಮ ಈ ಮನೆಗೆ ಬಂದ ವರ್ಷವೇ ಹೋದವಳು, ನನಗೆ ಒಂದು ಹೆಸರು ಮಾತ್ರ ಆಗಿದ್ದವಳು. "ನಿಮ್ಮಮ್ಮನ ಥರಾನಾ?" ಎಂದೆ.

ಅವಳು ತಲೆಯಾಡಿಸಲಿಲ್ಲ. ಹಿಟ್ಟಿನ ಕೈಯಿಂದಲೇ ನನ್ನ ಗಂಟಲನ್ನು ಮುಟ್ಟಿದಳು, ಅಲ್ಲಿ ಒಳಗೆ ಯಾರೋ ಕೂತಿದ್ದಾರೆ, ಜೋರಾಗಿ ಮುಟ್ಟಿದರೆ ಎದ್ದು ಹೋಗುತ್ತಾರೆ ಎನ್ನುವ ಹಾಗೆ.

ನನಗೆ ತಕ್ಷಣ ಒಂದು ಮಾತೂ ಹೊರಡಲಿಲ್ಲ. ಅವಳು ಭಯಪಟ್ಟಿದ್ದು ಇದಕ್ಕೇ ಇರಬೇಕು. ಗೊತ್ತಾದ ಮೇಲೆ ದನಿ ತನ್ನನ್ನು ತಾನೇ ಕೇಳಿಸಿಕೊಳ್ಳಲು ಶುರುಮಾಡುತ್ತದೆ, ಬೇರೆಯಾಗಿಬಿಡುತ್ತದೆ. ಅವಳ ಕಣ್ಣಲ್ಲಿ ಆ ಭಯ ಬರುವುದನ್ನು ನೋಡಿದೆ. ಕೈಗೆ ಸಿಕ್ಕಿದ್ದು ಚೀಲದಲ್ಲಿದ್ದ ಪಠ್ಯಪುಸ್ತಕ. ಎಲ್ಲಿ ತೆರೆಯಿತೋ ಅಲ್ಲಿಂದ, ನಾಳೆಯ ಪರೀಕ್ಷೆಗೆ ಬಾಯಿಪಾಠ ಮಾಡುವವಳಂತೆ, ಎಂದಿನ ಹಾಗೆ ಮೂಗಿನಲ್ಲಿ ಎಳೆದುಕೊಂಡು ಓದತೊಡಗಿದೆ: "ಖಾಲಿ ಗಣವು ಪ್ರತಿಯೊಂದು ಗಣದ ಉಪಗಣವಾಗಿರುತ್ತದೆ. ಇದನ್ನು ಸಾಧಿಸಲು, ಹಾಗಿಲ್ಲವೆಂದು ಭಾವಿಸೋಣ..."

ಅಮ್ಮ ಕಣ್ಣು ಮುಚ್ಚಿಕೊಂಡಳು. ಒಂದು ಪುಟ ಮುಗಿಯಿತು. ಕಣ್ಣು ತೆರೆಯದೆಯೇ, ಇನ್ನೊಮ್ಮೆ ಎಂದು ಬೆರಳಾಡಿಸಿದಳು. ನಾನು ಮತ್ತೆ ಮೊದಲಿಂದ ಓದಿದೆ.